ಎರಡು ಬೆರಳು ಬಟ್ಟೆ

ಆ ಬ್ಲಾಗ್ ಬರೆದದ್ದು ನಾನು. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ದಿನಾ ಸಂಜೆ ಟೈಲರ್ ಅಂಗಡಿಯಲ್ಲಿ ಕೂತು, ಅಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಚೆಂದ ಮಾಡಿ ಬರೆದಳು, ಎಷ್ಟೋ ಜನ ಓದಿ ನಕ್ಕರು, ಇಷ್ಟೇ ಕತೆ. ಹತ್ತು ಜನ ಹೇಳಿದ ಮಾತ್ರಕ್ಕೆ ಒಂದು ಮಾತನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಶಾಲೆಯಿಂದ ಡಿಗ್ರಿವರೆಗೆ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಸಾಕ್ಷಿ ಎಲ್ಲಿ ಎಂದು ಕೇಳುವುದನ್ನು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಕೇಳಿದ್ದರೆ ಸೋಲುತ್ತಿದ್ದವಳು ನಾನೇ.

ಹೋದ ಭಾನುವಾರ ಅಮ್ಮ ಬೀರುವಿನಿಂದ ಮಾವಿನೆಲೆ ಬಣ್ಣದ ರೇಷ್ಮೆ ರವಿಕೆ ತೆಗೆದಳು. ಸೋದರಮಾವನ ಮಗಳ ಮದುವೆಗೆ ಅದೇ ಬೇಕಂತೆ, ಆದರೆ ಹುಕ್ಸ್ ಹತ್ತಿರವೂ ಬರುತ್ತಿಲ್ಲ. "ಬದಿ ಬಿಚ್ಚಿ ನೋಡೇ, ಒಳಗೆ ಬಟ್ಟೆ ಇದ್ಯಾ ಅಂತ," ಅಂದಳು. ರವಿಕೆಯನ್ನು ತಿರುವಿ ಹಾಕಿದೆ. ನುಸಿಗುಳಿಗೆಯ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಬಂತು, ಮೆಷಿನ್ ಎಣ್ಣೆ ಮತ್ತು ಸೀಮೆಸುಣ್ಣ ಬೆರೆತದ್ದು. ಕಂಕುಳಿನ ಕೆಳಗೆ ಎರಡು ಬೆರಳಗಲದ ಬಟ್ಟೆ ಮಡಚಿಕೊಂಡು ಕೂತಿತ್ತು, ಅದರ ಮೇಲೆ ಮೂರು ಸಾಲು ಹೊಲಿಗೆ. ಮೈ ಬಂದ ಹಾಗೆಲ್ಲ ಒಂದೊಂದು ಸಾಲು ಬಿಚ್ಚಿದರೆ ಸಾಕು, ಮುಂದಿನ ಸಾಲು ಆಗಲೇ ಹಾಕಿಟ್ಟಿರುತ್ತದೆ. ಟೈಲರ್ ಅಕ್ಕ ಹೊಲಿಯುತ್ತಿದ್ದದ್ದೇ ಹಾಗೆ...

ಅಕ್ಕ ನರಸೀಪುರದ ಕಡೆಯ ಊರಿನವರು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಒಂದು ವಠಾರದ ಮುಂದಿನ ಕೋಣೆಯಲ್ಲಿ ಅವರ ಅಂಗಡಿ. ಒಂದು ಮೆಷಿನ್, ಕತ್ತರಿಸುವ ಮೇಜು, ಗೋಡೆಯ ಮೇಲೆ ಒಂದು ಸಣ್ಣ ಟೀವಿ. ಏಳು ಗಂಟೆಗೆ ಸೀರಿಯಲ್ ಶುರುವಾದರೆ ಮೆಷಿನ್ ನಿಲ್ಲಿಸುತ್ತಿದ್ದರು, ಸದ್ದಿಗೆ ಮಾತು ಕೇಳುವುದಿಲ್ಲವೆಂದು. ಹಾಗಂತ ಕೈ ಖಾಲಿ ಇರುತ್ತಿರಲಿಲ್ಲ. ಹುಕ್ಸ್ ಹಾಕುವುದು, ಹೆಮ್ಮಿಂಗ್ ಮಾಡುವುದು, ಎಲ್ಲವೂ ಸೀರಿಯಲ್ ಹೊತ್ತಿಗೇ. ಅವರ ಪಾಲಿಗೆ ಸೀರಿಯಲ್ ಕೂಡ ಕೆಲಸವೇ. ಇವತ್ತು ಸಂಜೆ ಯಾವ ಅತ್ತಿಗೆ ಯಾವ ಡಿಸೈನಿನ ರವಿಕೆ ತೊಟ್ಟಳೋ, ನಾಳೆ ಬೆಳಿಗ್ಗೆ ಅದೇ ಬೇಕೆಂದು ನಾಲ್ಕು ಜನ ಬಂದು ನಿಲ್ಲುತ್ತಿದ್ದರು.

ಮೊದಲ ಸಲ ನಾನು ಅಲ್ಲಿ ಕೂತದ್ದು ಅಮ್ಮನ ರವಿಕೆ ಆಗಲಿ ಎಂದು ಕಾಯುವುದಕ್ಕೆ. ಟೀವಿಯಲ್ಲಿ ಒಂದು ದೊಡ್ಡ ಮನೆ ಹರಾಜಿಗೆ ಬಂದಿತ್ತು, ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಅಕ್ಕ ಸೂಜಿಯಿಂದ ಕಣ್ಣೆತ್ತದೆ ಹೇಳಿದರು:

"ಆಯಮ್ಮನ ತೋಳು ನೋಡು, ತುಂಬ ಆರಿ ವರ್ಕ್. ಅಷ್ಟು ಕೈ ಕೆಲ್ಸ ಮುಗಿಯಕ್ಕೆ ಹದಿನೈದು ದಿನ ಬೇಕು. ಇವ್ರ ಮನೆ ಮುಳುಗಿದ್ದು ಮೂರೇ ದಿನದಲ್ಲಿ. ಅಂಗಾರೆ ಎಲ್ಲಾ ಗೊತ್ತಿದ್ದೇ ಹೊಲ್ಸಕ್ ಕೊಟ್ಟವ್ಳೆ."

ಆಗ ನನ್ನದೇ ಬೇರೊಂದು ಬ್ಲಾಗ್ ಇತ್ತು, ಹೆಸರು 'ಪ್ರತಿವಾದ'. ಬೆಳಗಿನ ಟೀವಿ ಜ್ಯೋತಿಷಿಗಳನ್ನು, ಹಬ್ಬದ ಆಡಂಬರವನ್ನು, ಸೀರಿಯಲ್ಲುಗಳ ಮೂರ್ಖತನವನ್ನು ಅದರಲ್ಲಿ ಒಂದೊಂದಾಗಿ ಖಂಡಿಸುತ್ತಿದ್ದೆ. ಓದುತ್ತಿದ್ದವರು ನನ್ನ ಚರ್ಚಾ ತಂಡದ ಇಬ್ಬರು, ಅವರೂ ತಪ್ಪು ಹುಡುಕುವುದಕ್ಕೆ. ನನ್ನ ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಓದೆಂದು ಕೊಟ್ಟರೆ ಕೆಂಪು ಪೆನ್ನು ತೆಗೆಯುತ್ತಿದ್ದಳು. "ವಾದ ಸರಿಯಾಗಿದೆ. ಆದ್ರೆ ಯಾಕೆ ಹೀಗೆ ಬೈತೀಯೇ ಎಲ್ರನ್ನೂ?" ಎನ್ನುತ್ತಿದ್ದಳು. ಅಷ್ಟೇ.

ಅಕ್ಕನ ಮಾತನ್ನು ನಾನು ಮೊದಲು ಟೈಪ್ ಮಾಡಿದ್ದು ಪ್ರೀತಿಯಿಂದಲ್ಲ, ಒಂದು ವಾದ ಗೆಲ್ಲುವುದಕ್ಕೆ. ಸೀರಿಯಲ್ಲು, ಸೀರೆ ಅಂತ ಏನು ಬರೆದು ಹಾಕಿದರೂ ಜನ ಓದುತ್ತಾರೆ, ನನ್ನಂಥವರು ಕಷ್ಟಪಟ್ಟು ಬರೆದದ್ದನ್ನು ಓದುವುದಿಲ್ಲ ಎಂದು ಸಾಬೀತು ಮಾಡಬೇಕಿತ್ತು. ಅಕ್ಕನನ್ನು ಕೇಳಿದೆ. ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ನನ್ನೆಸ್ರು ಬ್ಯಾಡ ಕಣವ್ವ. ಗಿರಾಕಿಗಳು ಓದುದ್ರೆ, ಇದು ನಂದೇ ತೋಳು, ಇದು ನಂದೇ ಸೊಂಟ ಅಂತ ಜಗಳಕ್ ಬತ್ತಾರೆ." ನಾನು ಮಾತು ಕೊಟ್ಟೆ. ಬ್ಲಾಗಿಗೆ 'ಬದಿ ಹೊಲಿಗೆ' ಎಂದು ಹೆಸರಿಟ್ಟವರೂ ಅವರೇ.

ಅವರು ಹರಟಿದರು, ನಾನು ಬರೆದೆ ಎನ್ನುವವರಿಗೆ ಇಲ್ಲಿ ಒಂದು ಸಾಕ್ಷಿ ಕೊಡಬೇಕು. ಅಕ್ಕ ಜಾಹೀರಾತು ಬಂದಾಗ ಹೇಳುತ್ತಿದ್ದರು, ನಾನು ಪುಟ್ಟ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಒತ್ತುತ್ತಿದ್ದೆ. ಸೀರಿಯಲ್ ಮುಗಿದ ಮೇಲೆ ಎಲ್ಲವನ್ನೂ ಓದಿ ಹೇಳಬೇಕಿತ್ತು. ಹಲ್ಲಲ್ಲಿ ದಾರ ಕಚ್ಚಿಕೊಂಡು ಕೇಳುತ್ತಿದ್ದರು. "ಆ ಮಾತು ತೆಗಿ, ಜೋಲು ಬೀಳ್ತದೆ." "ಇಲ್ಲಿ ಒಂಚೂರು ಬಿಗಿ ಮಾಡು." "ನಗೋ ಮಾತ್ನ ಮೊದ್ಲೇ ಹೇಳ್ಬುಟ್ರೆ ಆಮೇಲ್ ಏನ್ ಉಳೀತು?" ಹರಟುವವರು ಹೀಗೆ ಮಾಡುವುದಿಲ್ಲ, ಬರೆಯುವವರು ಮಾಡುತ್ತಾರೆ. ನಾನು ಬೆರಳು ಮಾತ್ರ.

ಬ್ಲಾಗ್ ಓಡಿತು. ವಾರದೊಳಗೆ ಕಾಮೆಂಟುಗಳು ಬಂದವು, ತಿಂಗಳೊಳಗೆ ಅದು ಅಮ್ಮನ ಸ್ಕೂಲಿನ ಸ್ಟಾಫ್ ರೂಮಿಗೂ ಹೋಯಿತು. ನನ್ನ ವಾದ ಗೆದ್ದಿತ್ತು, ಖುಷಿಯಾಗಬೇಕಿತ್ತು. ಒಂದು ಸಂಜೆ ಅಮ್ಮ ಊಟದ ಮೇಜಿನ ಬಳಿ ಫೋನು ಹಿಡಿದುಕೊಂಡು ಓದುತ್ತಿದ್ದವಳು ಇದ್ದಕ್ಕಿದ್ದಂತೆ ನಕ್ಕಳು. ಕನ್ನಡಕ ತೆಗೆದು, ಕಣ್ಣಿನ ನೀರನ್ನು ಸೆರಗಿನಲ್ಲಿ ಒರೆಸಿಕೊಂಡು, ಮತ್ತೆ ಕನ್ನಡಕ ಹಾಕಿಕೊಂಡು ಅದನ್ನೇ ಇನ್ನೊಂದು ಸಲ ಓದಿದಳು. ನಾನು ಬರೆದ ಯಾವುದನ್ನೂ ಅಮ್ಮ ಎರಡು ಸಲ ಓದಿರಲಿಲ್ಲ.

ಹೊಟ್ಟೆಕಿಚ್ಚು ಎನ್ನುವುದು ಬರೀ ಮಾತಲ್ಲ, ನಿಜವಾಗಿ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಅವತ್ತು ಅಮ್ಮ ಓದಿದ್ದ ಬರಹ ಇದು. ಸೀರಿಯಲ್ಲಿನ ಕೆಟ್ಟ ನಾದಿನಿ ಒಬ್ಬಳು ಮೊದಲ ದಿನಗಳಲ್ಲಿ ತೊಟ್ಟಿದ್ದ ರವಿಕೆಯನ್ನೇ ಆರು ತಿಂಗಳ ಮೇಲೆ ಮತ್ತೆ ತೊಟ್ಟಿದ್ದಳು. ಬೇರೆ ಯಾರಿಗೂ ಅದು ಕಾಣಿಸಿರಲಿಲ್ಲ. ಅಕ್ಕನಿಗೆ ಬದಿಯ ಹಳೇ ಹೊಲಿಗೆಯ ಗುರುತು ಕಾಣಿಸಿತ್ತು. "ಹುಡ್ಗಿ ಮೈ ತುಂಬ್ಕೊಂಡವ್ಳೆ. ಅವ್ಳ ಟೈಲರ್ ಬದಿ ಬಿಚ್ಚಿ ಬುಟ್ಟವ್ನೆ, ಹಳೇ ಗುರುತು ಕಾಣ್ಬಾರ್ದು ಅಂತ ಜರಿ ಅಂಟ್ಸವ್ನೆ. ಮನೇಲ್ ಎಲ್ರೂ ಅವ್ಳಿಗೆ ಶಾಪ ಆಕ್ತಾವ್ರೆ, ಅವ್ಳ ಪರವಾಗಿರೋನು ಆ ಟೈಲರ್ ಒಬ್ನೇ." ಮೂರು ವರ್ಷ ಸೀರಿಯಲ್ಲುಗಳ ವಿರುದ್ಧ ವಾದ ಮಾಡಿದ ನನಗೆ ಅಂಥ ಒಂದು ವಾಕ್ಯ ಸಿಕ್ಕಿರಲಿಲ್ಲ. ವಾದ ಮಾಡಲು ನಾನು ನೋಡಬೇಕಾಗಿರಲಿಲ್ಲ. ಅಕ್ಕ ನೋಡುತ್ತಿದ್ದರು.

ಆಮೇಲೆ ನಾನು ಸಣ್ಣತನ ಶುರು ಮಾಡಿದೆ. ಇವತ್ತಿನ ಬರಹವನ್ನು ನಾಳೆ ಹಾಕುವುದು, ಕರೆಂಟಿಲ್ಲ ಎಂದು ಸುಳ್ಳು ಹೇಳುವುದು. ಒಮ್ಮೆ ಅವರ ಒಳ್ಳೆಯ ವಾಕ್ಯವೊಂದನ್ನು ಬೇಕೆಂದೇ ತೆಗೆದುಹಾಕಿದೆ. ಅಕ್ಕ ಮಾರನೇ ದಿನ ನನ್ನ ಕೈಲೇ ಫೋನಿನಲ್ಲಿ ಓದಿಸಿಕೊಂಡು, "ಅಲ್ಲೊಂದು ಮಾತಿತ್ತಲ್ಲ?" ಎಂದರು.

"ಉದ್ದ ಆಯ್ತು ಅಕ್ಕಾ."

"ಉದ್ದ ಆದ್ರೆ ಕೆಳಗೆ ಮಡಿಸ್ಬೇಕು ಕಣವ್ವ. ಮಧ್ಯಕ್ಕೆ ಕತ್ರಿ ಆಕ್ಬಾರ್ದು."

ಮುಖ ನೋಡಿದೆ. ಬೈದ ಹಾಗಿರಲಿಲ್ಲ, ಕೆಲಸ ಹೇಳಿಕೊಟ್ಟ ಹಾಗಿತ್ತು. ಅದು ನನ್ನನ್ನು ಇನ್ನೂ ಕೆರಳಿಸಿತು.

ಆ ವರ್ಷ ಪಕ್ಕದ ಬೀದಿಯ ಮಹಿಳಾ ಸಮಾಜದವರು ಬ್ಲಾಗಿನ ವಿಳಾಸಕ್ಕೆ ಪತ್ರ ಬರೆದರು. ವಾರ್ಷಿಕೋತ್ಸವಕ್ಕೆ ಲೇಖಕಿ ಬರಬೇಕು, ಸನ್ಮಾನ ಮಾಡುತ್ತೇವೆ. ನಾನು ಅಕ್ಕನಿಗೆ ತೋರಿಸಿದೆ. ಅವರು ಇಂಚುಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ನೀನೇ ಓಗ್ಬುಟ್ಟು ಬಾ. ನನ್ಗೆ ಸ್ಟೇಜ್ ಮೇಲೆ ಬಾಯೇ ಬರಲ್ಲ," ಎಂದರು. ಈ ಮಾತನ್ನು ನಾನು ಹತ್ತು ವರ್ಷ ನನ್ನ ಪರ ವಾದಕ್ಕೆ ಬಳಸಿದ್ದೇನೆ. ಅವರೇ ಕಳಿಸಿದರು, ಅವರೇ ಹೆಸರು ಬೇಡ ಎಂದಿದ್ದರು, ನಾನು ಕೊಟ್ಟ ಮಾತು ಉಳಿಸಿಕೊಂಡೆ. ಯಾವ ತೀರ್ಪುಗಾರರ ಮುಂದಿಟ್ಟರೂ ಗೆಲ್ಲುವ ವಾದ. ಆದರೆ ಇಂಚುಪಟ್ಟಿ ಸುತ್ತುತ್ತಿದ್ದ ಆ ಬೆರಳನ್ನು ನಾನು ನೋಡಿದ್ದೆ. ಅಕ್ಕಾ, ನೀವೂ ಸ್ಟೇಜಿಗೆ ಬನ್ನಿ, ಮಾತು ನಾನಾಡುತ್ತೇನೆ, ಶಾಲು ನೀವು ಹೊದ್ದುಕೊಳ್ಳಿ ಎಂದು ಒಂದು ಸಲ ಹೇಳಬಹುದಿತ್ತು. ಹೇಳಲಿಲ್ಲ.

ಸಮಾರಂಭಕ್ಕೆ ಅಮ್ಮನೂ ಬಂದಳು. ಅಲ್ಲಿಗೆ ಹೋಗುವವರೆಗೆ ಕಾರಣ ಹೇಳಿರಲಿಲ್ಲ, ಯಾವುದೋ ಭಾಷಣ ಇದೆ ಎಂದಷ್ಟೇ ಅಂದಿದ್ದೆ. ಅವಳು ಉಟ್ಟದ್ದು ರೇಷ್ಮೆ ಸೀರೆ, ತೊಟ್ಟದ್ದು ಈ ಮಾವಿನೆಲೆ ಬಣ್ಣದ ರವಿಕೆ, ಅಕ್ಕ ಅದೇ ವಾರ ಹೊಲಿದು ಕೊಟ್ಟದ್ದು. ಅಕ್ಕನೂ ಬಂದು ಮೂರನೇ ಸಾಲಿನಲ್ಲಿ ತಮ್ಮ ಗಿರಾಕಿಗಳ ನಡುವೆ ಕೂತಿದ್ದರು. ಸಮಾಜದವರು ನನಗೆ ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಸಭೆಯಿಂದ ಒಬ್ಬರು ಎದ್ದು ಕೇಳಿದರು: "ಅಲ್ಲಮ್ಮ, ಆ ನಾದಿನಿ ರವಿಕೆ ಬದಿ ಬಿಚ್ಚಿದ್ದು ನಿನಗೆ ಹೆಂಗೆ ಕಾಣಿಸ್ತು? ನಮಗೆ ಯಾರಿಗೂ ಕಾಣಿಸ್ಲಿಲ್ವಲ್ಲ?"

ಅಲ್ಲಿ ನಾನು ಸುಮ್ಮನೆ ನಕ್ಕುಬಿಡಬಹುದಿತ್ತು. ಉತ್ತರ ಕೊಡದೆ ಕೂರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. "ನಮ್ಮಮ್ಮ ತನ್ನ ಹಳೇ ರವಿಕೆಗಳ ಬದಿ ಬಿಚ್ಚಿ ಬಿಚ್ಚಿ ತೊಡ್ತಾಳೆ. ಅದನ್ನ ನೋಡ್ತಾ ಬೆಳೆದವಳು ನಾನು," ಎಂದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮೂರನೇ ಸಾಲಿನಲ್ಲಿ ಅಕ್ಕನೂ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟುತ್ತಾ ಅಮ್ಮನ ಬೆನ್ನನ್ನೇ ನೋಡುತ್ತಿದ್ದರು, ರವಿಕೆ ಹೇಗೆ ಕೂತಿದೆ ಎಂದು ನೋಡುವವರ ಹಾಗೆ.

ಹೊರಗೆ ಬಂದಾಗ, "ಚೆನ್ನಾಗ್ ಮಾತಾಡ್ದೆ ಕಣವ್ವ," ಎಂದರು. ಮಾರನೇ ಸಂಜೆ ನಾನು ಸ್ಟೂಲಿನ ಮೇಲೆ ಕೂತೆ. ಏಳಾಯಿತು, ಸೀರಿಯಲ್ ಶುರುವಾಯಿತು. ಅಕ್ಕ ಮೆಷಿನ್ ನಿಲ್ಲಿಸಲಿಲ್ಲ. "ಮದ್ವೆ ಸೀಸನ್, ರಾಶಿ ಬಿದ್ದದೆ. ನೋಡಕ್ ಟೈಮಿಲ್ಲ," ಎಂದು ಆ ಸದ್ದಿನ ನಡುವೆಯೇ ಹೇಳಿದರು. ಮದುವೆಯ ಕಾಲ ಮುಗಿಯಿತು, ಮಳೆಗಾಲ ಬಂತು... ಮೆಷಿನ್ ಏಳು ಗಂಟೆಗೆ ಮತ್ತೆ ನಿಲ್ಲಲೇ ಇಲ್ಲ.

ಅವರ ಹಾಗೇ ನಾನೇ ಒಂದು ಬರೆದು ಹಾಕಿದೆ. ಅವರ ಮಾತಿನ ಧಾಟಿ ನನಗೆ ಬಾಯಿಪಾಠವಾಗಿತ್ತು. "ಇವತ್ತು ಯಾಕೋ ಬಿಗಿ ಜಾಸ್ತಿಯಾಯಿತು" ಎಂದು ಯಾರೋ ಕೆಳಗೆ ಬರೆದರು. ಅಮ್ಮ ಓದಿ, "ಪರವಾಗಿಲ್ಲ ಕಣೇ," ಎಂದಳು. ಕನ್ನಡಕ ತೆಗೆಯಲಿಲ್ಲ. ಬ್ಲಾಗ್ ಅಲ್ಲಿಗೇ ನಿಂತಿತು.

ಇನ್ನೊಂದು ಮಾತು ಉಳಿದಿದೆ. ಸಮಾರಂಭ ಮುಗಿಸಿ ಮನೆಗೆ ಬರುವಾಗ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ್ದು. "ನಿನ್ನ ಲ್ಯಾಪ್‌ಟಾಪಲ್ಲಿ ಮೊದಲನೇ ವಾರವೇ ನೋಡ್ಬಿಟ್ಟಿದ್ದೆ ಕಣೇ, ಈ ಬ್ಲಾಗ್ ನಿಂದೇ ಅಂತ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ." ಅಂದರೆ ಊಟದ ಮೇಜಿನ ಬಳಿ ಅಮ್ಮ ಕಣ್ಣೊರೆಸಿಕೊಂಡು ನಕ್ಕದ್ದೆಲ್ಲ, ಎರಡೆರಡು ಸಲ ಓದಿದ್ದೆಲ್ಲ, ಅದನ್ನು ಬರೆದವಳು ತನ್ನ ಮಗಳು ಎಂದುಕೊಂಡು. ನಾನು ತಿಂಗಳುಗಟ್ಟಲೆ ಹೊಟ್ಟೆ ಉರಿದುಕೊಂಡದ್ದು ನನ್ನ ಹೆಸರಿಗೇ ಬಂದ ನಗುವನ್ನು ನೋಡಿ. ಅವತ್ತು ನಿಜ ಹೇಳಿದ್ದರೆ ಆ ನಗು ಅಕ್ಕನ ಪಾಲಾಗುತ್ತಿತ್ತು. ಹೇಳಲಿಲ್ಲ.

ಎರಡು ವರ್ಷದ ಮೇಲೆ ವಠಾರ ಕೆಡವಿದರು. ಅಕ್ಕ ಮೆಷಿನ್ ಎತ್ತಿಕೊಂಡು ನಜರ್‌ಬಾದಿನ ತಂಗಿಯ ಮನೆಗೆ ಹೋದರು. ಅಲ್ಲಿಗೆ ಹತ್ತು ನಿಮಿಷದ ದಾರಿ. ಹೋಗಬೇಕು ಎಂದುಕೊಳ್ಳುತ್ತಿದ್ದೆ... ಹೋದ ವರ್ಷ ಅವರು ತೀರಿಕೊಂಡ ಸುದ್ದಿ, ದಾರ ಹುಕ್ಸ್ ಮಾರುವ ಅಂಗಡಿಯವರ ಬಾಯಿಂದ, ಎಲ್ಲ ಕಾರ್ಯ ಮುಗಿದ ಮೇಲೆ ನನಗೆ ತಿಳಿಯಿತು. ಅಳು ಬಂತು. ಆದರೆ ಅದಕ್ಕೂ ಮೊದಲು ಒಂದು ಕ್ಷಣ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನವಾಯಿತು. ಅದನ್ನೂ ಬರೆಯದಿದ್ದರೆ ಇದೂ ಸುಳ್ಳಾಗುತ್ತದೆ.

ಭಾನುವಾರ ಕಿಟಕಿಯ ಬೆಳಕಿನಲ್ಲಿ ಮೊದಲ ಸಾಲನ್ನು ಬಿಚ್ಚಿದೆ. ದಾರ ಎಳೆದರೆ ಒಂದೇ ಸಲಕ್ಕೆ ಬಂದುಬಿಟ್ಟಿತು, ಹಾಗೆ ಬರಲೆಂದೇ ಹಾಕಿದ್ದಂತೆ. ಅಮ್ಮ ರವಿಕೆ ತೊಟ್ಟು ನೋಡಿದಳು, ಸರಿಯಾಗಿ ಕೂತಿತು. ಕನ್ನಡಿಯ ಮುಂದೆ ನಿಂತು, "ನೀನು ಬರೆದಿದ್ಯಲ್ಲ, ಆ ನಾದಿನಿ ಟೈಲರ್‌ದು, ಹಾಗೇ ಆಯ್ತು ನೋಡು," ಎಂದು ನಗಲು ಶುರು ಮಾಡಿದಳು.

"ಅದು ನಾನು ಬರೆದಿದ್ದಲ್ಲಮ್ಮ," ಎಂದೆ. "ಒಂದೂ ನಾನು ಬರೆದಿದ್ದಲ್ಲ. ಎಲ್ಲಾ ಟೈಲರ್ ಅಕ್ಕಂದು. ನಾನು ಟೈಪ್ ಮಾಡ್ತಿದ್ದೆ ಅಷ್ಟೇ."

ಅಮ್ಮ ಕನ್ನಡಿಯಿಂದ ತಿರುಗಲಿಲ್ಲ. ಕನ್ನಡಕ ತೆಗೆದಳು, ಸೆರಗಿಗೆ ಕೈ ಹಾಕಿದಳು, ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ನಿಂತಳು. ಬಿಚ್ಚಿದ ದಾರ ನನ್ನ ಬೆರಳಿಗೆ ಸುತ್ತಿಕೊಂಡಿತ್ತು. ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಬಿಟ್ಟೆ.

"ಅಮ್ಮ, ಆಗೆಲ್ಲ ನೀನು ನಗ್ತಿದ್ದದ್ದು ಅಲ್ಲಿ ಬರೆದಿದ್ದಕ್ಕಾ, ಬರೆದಿದ್ದು ನಾನು ಅಂದ್ಕೊಂಡಿದ್ದಕ್ಕಾ?"