ತಲೆಕೆಳಗಾದವನ ಕೈಗಳು

ಗೆಳತಿ ಕಾರ್ಡನ್ನು ಮಗುಚಿ ಇಟ್ಟ ಕೂಡಲೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಚಿತ್ರದಲ್ಲಿ ಒಬ್ಬ ಮನುಷ್ಯ ಒಂದೇ ಕಾಲಿನಲ್ಲಿ ಮರಕ್ಕೆ ತಲೆಕೆಳಗಾಗಿ ನೇತಾಡುತ್ತಿದ್ದ.

"ಕೂತ್ಕೊಳೇ, ಡೈ ಎಲ್ಲಾ ಕಿವಿಗೆ ಇಳೀತಿದೆ!"

ಕುಣಿಗಲ್‌ನಿಂದ ಬಂದು ತುಮಕೂರಿನಲ್ಲಿ ಪಾರ್ಲರ್ ತೆರೆದ ಈಕೆ, ಕೂದಲಿನ ಬಣ್ಣ ಒಣಗುವ ಅರ್ಧ ಗಂಟೆಯಲ್ಲಿ ಗಿರಾಕಿಗಳಿಗೆ ಟ್ಯಾರೋ ಎಂಬ ಚಿತ್ರದ ಕಾರ್ಡುಗಳಲ್ಲಿ ಭವಿಷ್ಯ ನೋಡಿ ಹೇಳುತ್ತಾಳೆ. ನನಗೆ ನಂಬಿಕೆಯಿಲ್ಲ. ಎಂ.ಎಸ್ಸಿ. ಓದಿದವಳು ನಾನು ಎಂದು ಜಂಬ ಕೊಚ್ಚಿಕೊಂಡೇ ಕಾರ್ಡು ಎಳೆದಿದ್ದೆ.

ಆದರೆ ನಾಲ್ಕು ದಿನದ ಹಿಂದೆ ಇದೇ ಚಿತ್ರವನ್ನು ಗುಬ್ಬಿಯ ನಮ್ಮ ಹಿತ್ತಲಿನಲ್ಲಿ ಕಣ್ಣಾರೆ ಕಂಡಿದ್ದೆ. ನಮ್ಮ ಎಂಟು ತೆಂಗಿನಮರಗಳ ಕಾಯಿ ಇಳಿಸಲು ಸಿ.ಎಸ್. ಪುರದಿಂದ ಸ್ಕೂಟರಿನಲ್ಲಿ ಒಬ್ಬ ಅಕ್ಕ ಬರುತ್ತಾರೆ. ಮರ ಹತ್ತುವ ಯಂತ್ರಕ್ಕೆ ಪಾದ ಸಿಕ್ಕಿಸಿ ಅವರು ತುದಿಯಲ್ಲಿದ್ದರು. "ಅಕ್ಕಾ, ಎರಡು ಎಳನೀರೂ ಹಾಕಿ" ಎಂದು ಕೂಗಿದೆ. ಜಾರಿದರು. ಎಡಗಾಲು ಯಂತ್ರದಲ್ಲಿ ಸಿಕ್ಕಿಕೊಂಡು ತಲೆ ಕೆಳಗಾಯಿತು. ಮರವನ್ನು ಹಿಡಿಯಬೇಕಾದ ಕೈಗಳೆರಡೂ ಬೆನ್ನ ಹಿಂದಿದ್ದವು. ಅವರಿಗೆ ಪ್ರಜ್ಞೆ ತಪ್ಪಿತೆಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ನೆಟ್ಟಗಾಗಿ ಕಾಂಡ ತಬ್ಬಿಕೊಂಡಿದ್ದರು. ಇಳಿದು ನೀರು ಕುಡಿದು, ಉಳಿದ ಮರ ಭಾನುವಾರ ಎಂದು ಹೊರಟೇಹೋದರು.

ಅಂದಿನಿಂದ ಪಾಠ ಮಾಡುವಾಗಲೂ ಬಸ್ಸಿನಲ್ಲೂ ಅದೇ: ನನ್ನ ಕೂಗು, ಅವರ ಕಾಲು, ನನ್ನ ಕೂಗು, ಅವರ ಕಾಲು. ನನ್ನಿಂದಲೇ ಜಾರಿದರೇ? ಅವರನ್ನು ಕೇಳುವ ಧೈರ್ಯವಿರಲಿಲ್ಲ.

"ಇದು ಕೆಟ್ಟ ಕಾರ್ಡಲ್ಲ ಕಣೇ," ಅಂದಳು ಗೆಳತಿ. "ಮುಖ ನೋಡು, ಎಷ್ಟು ಶಾಂತವಾಗಿದಾನೆ. ತಲೆ ಸುತ್ತ ಬೆಳಕಿದೆ. ಲೋಕಾನ ಬೇರೆ ಕಡೆಯಿಂದ ನೋಡು ಅಂತ ಅರ್ಥ."

"ಕೈ ಯಾಕೆ ಹಿಂದಿದೆ?"

"ಶರಣಾಗತಿ. ಎಲ್ಲಾ ಬಿಟ್ಬಿಟ್ಟಿದಾನೆ."

"ಅವನನ್ನ ಕೆಳಗಿಂದ ಯಾರಾದ್ರೂ ಕೂಗಿದ್ರಾ?"

ಹಿತ್ತಲಿನಲ್ಲಿ ನಡೆದದ್ದನ್ನೆಲ್ಲ ನನ್ನಿಂದ ಹೇಳಿಸಿದ ಮೇಲೆ ಅವಳೆಂದಳು, "ಕಾರ್ಡ್ ತಗೊಂಡೋಗಿ ಆ ಅಕ್ಕನ್ನೇ ಕೇಳೇ. ಕಲೆ ಮಾಡ್ಬೇಡ, ಅಷ್ಟೆ."

ಭಾನುವಾರ ಅಕ್ಕ ಸ್ಕೂಟರಿನಿಂದ ಯಂತ್ರ ಬಿಚ್ಚುತ್ತಿದ್ದಾಗ ಕಾರ್ಡು ಮುಂದೆ ಹಿಡಿದೆ. ಅವರು ಪ್ಯಾಂಟಿಗೆ ಕೈ ಒರೆಸಿಕೊಂಡು ಇಸಿದುಕೊಂಡರು.

"ಅಯ್ಯೋ ಬುಡಿ, ಇವ್ನ್ಯಾರು ನನ್ನಂಗೇ ನೇತಾಕ್ಕಂಡವ್ನೆ! ಒಂದ್ ಕಾಲ್ ಮಡಚ್ಕೊಂಡವ್ನೆ, ಜಾಣ. ಸೇಫ್ಟಿ ಬೆಲ್ಟ್ ಹಾಕ್ಕಂಡಿಲ್ಲ, ದಡ್ಡ."

"ಕೈ ಯಾಕೆ ಹಿಂದಿದೆ ಅಕ್ಕಾ?"

"ಇನ್ಯಾಕೆ? ಮಚ್ಚು ಹಿಡ್ಕಂಡವ್ನೆ."

ಅವರು ತಿರುಗಿ ಬೆನ್ನು ತೋರಿಸಿದರು. ಸೊಂಟದ ಹಿಂದೆ ಮಚ್ಚು ಸಿಕ್ಕಿಸಿತ್ತು. "ತಲೆಕೆಳಗಾದ್ರೆ ಇದು ಜಾರ್ಕೊಂಡು ಬೀಳುತ್ತೆ. ನೋಡ್ತೀನಿ, ನೀವು ನೆಟ್ಟಗೆ ನನ್ ಕೆಳಗೇ ಬಾಯ್ ಬಿಟ್ಕಂಡು ನಿಂತಿದೀರ! ಗಟ್ಟಿಯಾಗಿ ಹಿಡ್ಕಂಡು, ಈಚೆಗೆ ತಗ್ದು, ಮರಕ್ಕೆ ಕಚ್ಚಿಸಿ, ಆಮೇಲೇ ಎದ್ದಿದ್ದು."

ಅಷ್ಟು ದಿನ ಅವರು ಬೀಳುವುದನ್ನೇ ನೋಡುತ್ತಿದ್ದೆ. ಮಚ್ಚೂ ಬೀಳಬಹುದಿತ್ತು, ಅದರ ಕೆಳಗೆ ನನ್ನ ತಲೆಯಿತ್ತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತೆ. ಕೂತೇ ಕೇಳಿದೆ, "ನಾನು ಕೂಗಿದ್ದಕ್ಕೆ ಜಾರಿದ್ರಾ?"

"ಕೂಗಿದ್ರಾ? ಏನಂತ?"

"ಎರಡು ಎಳನೀರು ಅಂತ."

"ಗರಿ ಸದ್ದಲ್ಲಿ ಅದೆಲ್ಲಿ ಕೇಳ್ತದೆ ಮೇಡಂ! ಕೆಂಪಿರುವೆ ಕಚ್ತು, ಕಾಲ್ ಒದರ್ದೆ. ಬೆಲ್ಟು ಸ್ಕೂಟರಲ್ಲೇ ಬಿಟ್ಟಿದ್ದು ನನ್ ತಪ್ಪು. ಬುಡದಲ್ಲಿ ಬಂದು ನಿಂತಿದ್ದು ನಿಮ್ ತಪ್ಪು. ಓದಿರೋರು ಹಂಗ್ ನಿಲ್ತಾರಾ?"

ನಗು ಬಂತು. ನಿಲ್ಲಿಸಲಾಗದಂತೆ ಬಂತು. ಅವರೂ ನಕ್ಕು, ಬೆಲ್ಟನ್ನು ಎರಡು ಸಲ ಎಳೆದು ನೋಡಿ ಅವತ್ತಿನ ಮರವನ್ನೇ ಹತ್ತಿದರು.

"ಹಿಂದಕ್ಕೋಗಿ!"

ನಲ್ಲಿಯ ಹತ್ತಿರ ಹೋದೆ.

"ಇನ್ನೂ!"

ಬೇಲಿಯ ಹತ್ತಿರ ಹೋದೆ.

"ಇನ್ನೂ ಹಿಂದಕ್ಕೆ ಮೇಡಂ!"

ಕೊನೆಗೆ ಪಕ್ಕದವರ ರಾಗಿ ಹೊಲದಲ್ಲಿ ನಿಂತು, ಕೂಗದೆ, ಎರಡು ಬೆರಳು ಎತ್ತಿ ತೋರಿಸಿದೆ. ಧಬ್, ಧಬ್ ಎಂದು ಎರಡು ಎಳನೀರು ಬಿದ್ದವು. ಒಂದು ಒಡೆದು ನೀರು ಚಿಮ್ಮಿತು, ಸರಿಯಾಗಿ ನಾನು ಅವತ್ತು ನಿಂತಿದ್ದ ಜಾಗದಲ್ಲಿ.