ನಡುಗಡ್ಡೆಯ ನೂರು ರಾಣಿಯರು

ಕಿರೀಟ ಇಟ್ಟುಕೊಂಡವರನ್ನು ದೋಣಿ ಹತ್ತಿಸಿ ಗಡೀಪಾರು ಮಾಡಬೇಕು. ಆ ನಡುಗಡ್ಡೆಯ ಮೊದಲನೆಯ ಕಾನೂನು ಅದು. ಚನ್ನಪಟ್ಟಣದ ನಮ್ಮ ಬೊಂಬೆ ಶೆಡ್ಡಿನಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದವಳು ನಾನು. ಮೂರೇ ವಾರದಲ್ಲಿ ಅದನ್ನು ಮುರಿದವಳೂ ನಾನೇ. ಆಗ ನನಗೆ ಹದಿನಾಲ್ಕು ವರ್ಷ. ಕತ್ತೆ ವಯಸ್ಸು ಅಂತ ಅವ್ವ ಬೈಯುತ್ತಿದ್ದುದು ಸುಮ್ಮನೆ ಅಲ್ಲ.

ಆ ನಡುಗಡ್ಡೆ ಯಾವ ಭೂಪಟದಲ್ಲೂ ಇರಲಿಲ್ಲ. ಬೆಂಗಳೂರಿನ ಒಬ್ಬ ಮೇಡಂ ಮಕ್ಕಳಿಗಾಗಿ ಒಂದು ಮಣೆಯಾಟ ಮಾಡಿದ್ದರು; ಆ ಆಟಕ್ಕೆ ಒಂದು ದೇಶ ಬೇಕಾಗಿ ಅದನ್ನು ತಾವೇ ಕಟ್ಟಿದ್ದರು. ಸುತ್ತ ಕಡಲು, ನಡುವೆ ಬಂಡೆ, ಬಂಡೆಯ ಮೇಲೆ ಬರೀ ಯೋಧರ ಕುಲ. ಆ ದೇಶದ ಆಚಾರ, ಆಡಳಿತ ಎಲ್ಲವನ್ನೂ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಮಾಡಿಸಿ ನಮಗೊಂದು ಪ್ರತಿ ಕೊಟ್ಟಿದ್ದರು. ಅಂಥ ನೂರು ಆಟಗಳಿಗೆ ಬೇಕಾದ ಕಾಯಿಗಳನ್ನು ಮರದಲ್ಲಿ ಕಡೆದು ಕೊಡಬೇಕಿತ್ತು. ಪ್ರತಿ ಆಟಕ್ಕೆ ಸಿಪಾಯಿಗಳು, ಒಂಬತ್ತು ಮುದುಕಿಯರು, ದೋಣಿಗಳು, ಒಬ್ಬ ರಾಣಿ.

ಅಪ್ಪ ಕಾಮಾಲೆಯಲ್ಲಿ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಅಪ್ಪನ ಮರ ಕಡೆಯುವ ಲೇತಿನ ಮುಂದೆ ಅವ್ವ ಕೂತಿದ್ದಳು. ಕೂಟಗಲ್ ಕಡೆಯ ರೈತರ ಮಗಳು, ಉಳಿ ಹಿಡಿದಿದ್ದು ಮದುವೆಯಾದ ಮೇಲೆ. ಅಪ್ಪನಿಗೆ ಕೆಲಸ ಕಲಿಸಿದ್ದ ಮುಸ್ಲಿಂ ಹಿರಿಯರೊಬ್ಬರು ಪಕ್ಕದ ಲೇತಿನಲ್ಲಿ ಕೂರುತ್ತಿದ್ದರು. ಅವರನ್ನು ನಾವೆಲ್ಲ ಉಸ್ತಾದರು ಅನ್ನುತ್ತಿದ್ದೆವು. ಬೊಂಬೆಗಳಿಗೆ ಕಣ್ಣು ಬರೆಯಲು ಒಬ್ಬ ಅಕ್ಕ, ಮರ ಕೊಯ್ದು ಅಣಿ ಮಾಡಲು ಇನ್ನಿಬ್ಬರು ಹೆಂಗಸರು. ಇಷ್ಟೇ ನಮ್ಮ ಸೈನ್ಯ.

ಹೊರಗೆ ಕಾಲ ಬೇರೆಯಾಗುತ್ತಿತ್ತು. ಹೆದ್ದಾರಿ ಅಗಲವಾಗುತ್ತಿತ್ತು. ಬಿಡದಿ ಕಡೆಯ ಫ್ಯಾಕ್ಟರಿಗಳಿಗೆ ಗಂಡಸರು, ಗಾರ್ಮೆಂಟ್ಸಿಗೆ ಹೆಂಗಸರು ಅಂತ ಬೆಳಿಗ್ಗೆ ವ್ಯಾನುಗಳು ಬಂದು ಕೇರಿಗೆ ಕೇರಿಯನ್ನೇ ತುಂಬಿಕೊಂಡು ಹೋಗುತ್ತಿದ್ದವು. ರಸ್ತೆ ಬದಿಯ ಶೆಡ್ಡುಗಳನ್ನು ಗೋಡೌನಿಗೆ ಕೇಳುವವರು ಹೆಚ್ಚಿದ್ದರು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಕೆಟ್ಟವರಲ್ಲ. ಆದರೆ ಜಾಗ ಅವರ ಹೆಸರಿನಲ್ಲಿತ್ತು, ಅವರಿಗೆ ತಾಳ್ಮೆ ಇರಲಿಲ್ಲ.

"ಹೆಂಗಸ್ರು ಲೇತ್ ತಿರುಗ್ಸಿ ಎಷ್ಟ್ ದಿನ ನಡ್ಸಕಾಯ್ತದವ್ವ? ಇದೊಂದ್ ಆರ್ಡರ್ ನೋಡ್ತೀನಿ. ಸರಿಯಾಗಿ ಕೊಟ್ರೆ ಸೈ. ಕೆಟ್ರೆ ಶೆಡ್ಡು ಗೋಡೌನ್‌ಗೆ," ಎಂದಿದ್ದರು.

"ಆಗ್ಲಿ ಬಾವ," ಅಂದಿದ್ದಳು ಅವ್ವ. ಅಷ್ಟೇ.

ಬೇಸಿಗೆ ರಜೆ. ಮಧ್ಯಾಹ್ನದ ಹೊತ್ತು ನಾನು ಮರದ ದಿಮ್ಮಿಯ ಮೇಲೆ ಕೂತು ಪುಸ್ತಕ ಓದುತ್ತಿದ್ದೆ, ಅವರು ಕೆಲಸ ಮಾಡುತ್ತಾ ಕೇಳುತ್ತಿದ್ದರು. ಆ ದೇಶದಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಒಂದು ಈಟಿ ತೂಗುಹಾಕಿರುತ್ತದೆ. ಸುಗ್ಗಿ ಬಂದಾಗ ಈಟಿಗಳನ್ನೆಲ್ಲ ಒಂದು ಗವಿಯಲ್ಲಿಟ್ಟು ಬೀಗ ಹಾಕುತ್ತಾರೆ, ಕೀಲಿ ಒಂಬತ್ತು ಮುದುಕಿಯರ ಕೈಯಲ್ಲಿ. ಸಭೆಯಲ್ಲಿ ಮೊದಲು ಮಾತಾಡುವವರು ಮೀನು ಹಿಡಿಯುವವರು, ಕೊನೆಗೆ ಯೋಧರು.

"ಅದೇ ಸರಿ. ನಮ್ಮ ಪಂಚಾಯ್ತೀಲಿ ಮೀಸೆ ಇರೋರೇ ಮೊದ್ಲು ಬಾಯ್ ತೆಗೆಯೋದು. ಕೊನೇಲಿ ಉಳ್ಯೋದು ಕಾಫಿ ಲೋಟ ಎತ್ತೋಳು," ಅಂದಳು ಕಣ್ಣು ಬರೆಯುವ ಅಕ್ಕ.

ಸಿಪಾಯಿಗಳ ಕೈಗೆ ಈಟಿ ಕೊಡುವುದು ಹೇಗೆಂದು ಒಂದು ದಿನವೆಲ್ಲ ಚರ್ಚೆಯಾಯಿತು. ಲೇತು ತಿರುಗುತ್ತದೆ, ತಿರುಗುವುದರಿಂದ ದುಂಡಗಿನದೇ ಹುಟ್ಟುತ್ತದೆ. ತಲೆ ಬರುತ್ತದೆ, ಹೊಟ್ಟೆ ಬರುತ್ತದೆ, ಕೈ ಬರುವುದಿಲ್ಲ. ಈಟಿಯನ್ನು ಬೆನ್ನ ಮೇಲೆ ಬಣ್ಣದಲ್ಲಿ ಬರೆಯೋಣ ಎಂದು ತೀರ್ಮಾನವಾಯಿತು. "ಕೈ ಇಲ್ದಿರೋ ಫೌಜು! ಯಾರನ್ನೂ ಹೊಡೆಯಲ್ಲ ಬಿಡಿ. ದುನಿಯಾದಲ್ಲಿ ಎಲ್ಲಾ ಫೌಜೂ ಹಿಂಗೇ ಇರ್ಬೇಕು," ಎಂದು ಉಸ್ತಾದರು ನಕ್ಕರು.

ಆ ನಗುವೆಲ್ಲ ರಾಣಿಯ ಪುಟ ಬರುವವರೆಗೆ. ಆ ದೇಶದಲ್ಲಿ ಸಿಂಹಾಸನ ಮಗನಿಗೆ ಹೋಗುವುದಿಲ್ಲ, ಗೆದ್ದವನಿಗೂ ಇಲ್ಲ. ಯುದ್ಧದಲ್ಲಿ ತನ್ನವರನ್ನು ಕಳೆದುಕೊಂಡ ಹೆಂಗಸರಲ್ಲಿ ಒಬ್ಬಳನ್ನು ಆರಿಸುತ್ತಾರೆ. ಯುದ್ಧಕ್ಕೆ ಹೊರಡಿ ಎಂದು ಹೇಳುವ ಅಧಿಕಾರ ಅವಳಿಗೆ ಮಾತ್ರ, ಏಕೆಂದರೆ ಅದರ ಬೆಲೆ ಗೊತ್ತಿರುವುದು ಅವಳಿಗೆ. ಅವಳು ನೆಲದ ಮೇಲೆ ಕೂರುತ್ತಾಳೆ, ಉಳಿದವರೆಲ್ಲ ನಿಂತಿರುತ್ತಾರೆ. ಅವಳ ಮೈಮೇಲೆ ಬಣ್ಣವಿಲ್ಲ, ತಲೆಯ ಮೇಲೆ ಕಿರೀಟವಿಲ್ಲ.

ಓದುವಾಗ ನನ್ನ ದನಿ ಸಣ್ಣಗಾಯಿತು. ಯಾರೂ ಅವ್ವನ ಕಡೆ ನೋಡಲಿಲ್ಲ. ಅವ್ವನೇ ಲೇತು ನಿಲ್ಲಿಸಿ, "ರಾಣೀರ್ನ ನಾನೇ ಮಾಡ್ತೀನಿ. ಬೇರೆಯೋರು ಮುಟ್ಬೇಡಿ," ಅಂದಳು.

ನೂರನ್ನೂ ಅವಳೇ ಕಡೆದಳು. ಹಾಲೆಮರ ಮೊದಲೇ ಬಿಳಿ. ಬಣ್ಣ ಬೆರೆಸದ ಅರಗು ಹಚ್ಚಿ, ತಾಳೆಗರಿಯಿಂದ ಒತ್ತಿ ಉಜ್ಜಿ ಹೊಳಪು ತಂದಳು. ಮಣೆಯ ಗೂಟಕ್ಕೆ ಕೂರಲೆಂದು ಬುಡದಲ್ಲಿ ಒಂದು ತೂತು. ಅವುಗಳನ್ನು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದಾಗ ನಾನು ಮುಖ ತಿರುಗಿಸಿದೆ. ಕೆಂಪು ಹಳದಿ ಸಿಪಾಯಿಗಳ ನಡುವೆ ನೂರು ಬೋಳು ಹಣೆಗಳು. ಅಪ್ಪನ ಹನ್ನೊಂದನೆಯ ದಿನ ನೆಂಟರ ಮುದುಕಿಯರು ಅವ್ವನನ್ನು ಕೂರಿಸಿ, ಒದ್ದೆ ಬಟ್ಟೆಯಲ್ಲಿ ಅವಳ ಹಣೆ ಒರೆಸಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅವ್ವ ಅಳಲಿಲ್ಲ. ಕಣ್ಣು ಮುಚ್ಚಿಕೊಂಡು, ಸಣ್ಣ ಮಗುವಿನ ಹಾಗೆ ಮುಖ ಕೊಟ್ಟಿದ್ದಳು. ನನಗೆ ಆ ಬಟ್ಟೆಯ ಮೇಲೆ ಬಂದಿದ್ದ ಸಿಟ್ಟು ಇವತ್ತಿಗೂ ಹೋಗಿಲ್ಲ.

ಮೇಡಂ ಸೋಮವಾರ ಬರುವವರಿದ್ದರು. ಅದರ ಹಿಂದಿನ ಶುಕ್ರವಾರ ಅವ್ವ ಕರೆಂಟು ಮೀಟರಿನ ವಿಷಯಕ್ಕೆ ರಾಮನಗರದ ಆಫೀಸಿಗೆ ಹೋದಳು. ಉಸ್ತಾದರು ನಮಾಜಿಗೆ ಹೋದರು. ನಾನು ಒಂದು ರಾಣಿಯನ್ನು ಲೇತಿನ ಗೂಟಕ್ಕೆ ಸಿಕ್ಕಿಸಿ, ತಿರುಗಿಸಿ, ಕೆಂಪು ಅರಗಿನ ಕಡ್ಡಿಯನ್ನು ಹಣೆಗೆ ಮುಟ್ಟಿಸಿದೆ. ಅರಗು ಬಿಸಿಯಾಗಿ ಕರಗಿ ಅಂಟಿತು. ಒಂದು ಬೊಟ್ಟು ಇಡುವುದಷ್ಟೇ ನನ್ನ ಆಸೆ.

ಕಣ್ಣು ಬರೆಯುವ ಅಕ್ಕ ಹಿಂದೆ ಬಂದು ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಒಳ್ಳೇದ್ ಮಾಡ್ದೆ ಕಣವ್ವ. ಬೋಳು ಹಣೇಲಿ ಹೆಣ್ಮಕ್ಳನ್ನ ಈ ಬಾಗ್ಲಿಂದ ಆಚೆ ಕಳ್ಸೋಕೆ ನಂಗೂ ಮನ್ಸಿರ್ನಿಲ್ಲ," ಅಂದಳು. ಮುಂದಿನದು ಬೇಗ ಬೇಗ ಆಯಿತು. ನಾನು ಹಚ್ಚುತ್ತಾ ಹೋದೆ, ಅವಳು ಡಬ್ಬಗಳಿಗೆ ತುಂಬಿ ಟೇಪು ಹಾಕುತ್ತಾ ಹೋದಳು. ನೂರೂ ಮುಗಿಯಿತು. ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಗಿತ್ತು. ಅಕ್ಕನ ಡಬ್ಬಿಯ ಮುದ್ದೆಯನ್ನೂ ತಿಂದೆ.

ಉಸ್ತಾದರು ಬಂದು ಕೊನೆಯ ಡಬ್ಬದಿಂದ ಒಂದನ್ನು ಎತ್ತಿ ನೋಡಿದರು. ಬಹಳ ಹೊತ್ತು ತಿರುಗಿಸಿ ನೋಡಿದರು.

"ಬೇಟಿ, ಇದು ಬೊಟ್ಟಲ್ಲ. ತಿರುಗೋದ್ರ ಮೇಲೆ ಚುಕ್ಕೆ ನಿಲ್ಲಲ್ಲಮ್ಮ, ಸುತ್ತ ಓಡುತ್ತೆ. ನೀನ್ ಇಟ್ಟಿರೋದು ತಾಜ್. ಕಿರೀಟ."

ಅವರ ಕೈಯಲ್ಲಿದ್ದುದನ್ನು ನಾನೂ ತಿರುಗಿಸಿ ನೋಡಿದೆ. ಹೌದು, ಹಣೆಯಿಂದ ಹಿಂದಲೆಗೆ ಸುತ್ತಿ ಬಂದ ಕೆಂಪು ಪಟ್ಟಿ. ನಾನು ಮುಂದಿನಿಂದ ಮಾತ್ರ ನೋಡುತ್ತಾ ಕೂತಿದ್ದೆ, ನನಗೆ ಬೇಕಾದ್ದು ಮಾತ್ರ ಕಂಡಿತ್ತು. ಲೇತಿನ ಮುಂದೆ ಹುಟ್ಟಿ ಬೆಳೆದವಳಿಗೆ ಇಷ್ಟು ತಿಳಿಯಲಿಲ್ಲವೆ! ನೂರು ರಾಣಿಯರೂ ಗಡೀಪಾರಿಗೆ ಸಿದ್ಧರಾಗಿ ನಿಂತಿದ್ದರು. ಆಗಲೇ ಅವ್ವ ಬಸ್ಸಿಳಿದು ಬರುವುದು ಕಾಣಿಸಿತು. ಉಸ್ತಾದರು ಆ ರಾಣಿಯನ್ನು ಡಬ್ಬಕ್ಕೆ ಹಾಕಿ, "ನಾನ್ ಹೇಳಲ್ಲ. ನೀನೇ ಹೇಳ್ಬೇಕು. ಸೋಮವಾರಕ್ಕೆ ಮುಂಚೆ ಹೇಳ್ಬಿಡು," ಅಂದರು.

ಹೇಳಬೇಕೆಂದೇ ಇದ್ದೆ. ಶನಿವಾರ ಬೆಳಿಗ್ಗೆ ಅವ್ವ ಒಲೆ ಹಚ್ಚುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ. ಅವಳು ಗುನುಗುತ್ತಿದ್ದಳು, ಅಪ್ಪ ಹೋದ ಮೇಲೆ ಮೊದಲ ಸಲ. ಹೇಳದೆ ಎದ್ದುಬಂದೆ. ಮಧ್ಯಾಹ್ನ ದೊಡ್ಡಪ್ಪ ಬಂದು ಶೆಡ್ಡಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆದು ಹೋದರು. ಭಾನುವಾರ ಅವ್ವನೇ, "ಯಾಕವ್ವ ಹಿಂಗ್ ಮಂಕಾಗಿದ್ದೀಯ, ಹೊಟ್ಟೆ ನೋವಾ?" ಎಂದು ಕೇಳಿದಳು. ಹೂಂ ಅಂದೆ. ಓಂಕಾಳಿನ ಕಷಾಯ ಕುಡಿಸಿದಳು. ಕಬ್ಬಾಳಮ್ಮನಿಗೆ ಹರಕೆ ಹೊತ್ತೆ: ಮೇಡಂ ಡಬ್ಬ ತೆರೆಯದೇ ಹೋಗಲಿ, ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತೇನೆ. ಹೆದರುಪುಕ್ಕಲಿಗೆ ಹರಕೆ ಹೊರುವುದು ಸುಲಭ, ನಿಜ ಹೇಳುವುದು ಕಷ್ಟ.

ಸೋಮವಾರ ಹತ್ತು ಗಂಟೆಗೆ ಮೇಡಂ ಬಂದರು. ಮೊದಲು ತೆರೆದಿದ್ದೇ ರಾಣಿಯರ ಡಬ್ಬ.

"ಇದೇನಮ್ಮ, ಕಿರೀಟ ಹಾಕಿದ್ದೀರಿ?"

ಅವ್ವ ಬಗ್ಗಿ ನೋಡಿದಳು. ಇನ್ನೊಂದು ಡಬ್ಬ ತೆರೆದಳು, ಮತ್ತೊಂದು. ಅವಳ ಮುಖದ ಬಣ್ಣ ಇಳಿಯಿತು. ಮೇಡಂ ಮೆಲ್ಲಗೇ ಮಾತಾಡಿದರು, ಅದಕ್ಕೇ ಇನ್ನೂ ಭಯವಾಯಿತು. "ಕೋಪ ಮಾಡ್ಕೋಬೇಡಿ. ಈ ಆಟ ನಿಂತಿರೋದೇ ಈ ಒಂದು ಕಾನೂನಿನ ಮೇಲೆ. ಇದನ್ನ ನಾನು ತಗೊಂಡು ಹೋಗೋಕ್ಕಾಗಲ್ಲ."

ಅವ್ವ ತಲೆಯೆತ್ತಿ ಒಮ್ಮೆ ಅಕ್ಕನನ್ನು, ಒಮ್ಮೆ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಎಲ್ಲ ಬರೆದಿತ್ತು. ಬೀಳಲಿ ಏಟು, ಬಿದ್ದುಬಿಟ್ಟರೆ ಸಾಕು ಅನ್ನಿಸಿತು.

"ತಪ್ಪು ನಂದೇ ಮೇಡಂ. ಸಾಯಂಕಾಲ್ದವರ್ಗೂ ಒಸಿ ಟೈಮ್ ಕೊಡಿ, ಕೆರೆದು ಸರಿ ಮಾಡ್ಕೊಡ್ತೀನಿ," ಅಂದಳು ಅವ್ವ.

ಮೇಡಂ ಐದು ಗಂಟೆಗೆ ಬರುತ್ತೇನೆಂದು ಕಾರು ಹತ್ತಿದರು. ಅವ್ವ ಲೇತಿಗೆ ಕೂತು ಸ್ವಿಚ್ಚು ಒತ್ತಿದಳು. ಹತ್ತೋ ಹನ್ನೆರಡೋ ರಾಣಿಯರು ಮುಗಿದಿರಬೇಕು, ಕರೆಂಟು ಹೋಯಿತು. ಆ ದಿನಗಳಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆಂದು ಕೇಳುವುದೇ ಪೆದ್ದುತನ. ಉಸ್ತಾದರು ಮಾತಿಲ್ಲದೆ ಮೂಲೆಯಿಂದ ತಮ್ಮ ತಂದೆಯ ಕಾಲದ ಲೇತನ್ನು ಎಳೆದು ತಂದರು. ಅದು ನೆಲದ ಮೇಲೆ ಕೂತು ನಡೆಸುವಂಥದ್ದು. ಒಬ್ಬರು ಹಗ್ಗವನ್ನು ಆಚೆ ಈಚೆ ಎಳೆಯುತ್ತಾ ತಿರುಗಿಸಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು.

"ಬಾ ಇಲ್ಲಿ," ಅಂದಳು ಅವ್ವ ನನಗೆ. "ಹಗ್ಗ ಹಿಡಿ."

ನಾನು ಎಳೆದೆ, ಅವಳು ಕೆರೆದಳು. ಕೆಂಪು ಪಟ್ಟಿ ಸಣ್ಣ ಪುಡಿಯಾಗಿ ಹಾರುತ್ತಿತ್ತು, ಕೆಳಗಿನ ಬಿಳಿ ಹಣೆ ಮತ್ತೆ ಕಾಣುತ್ತಿತ್ತು. ಒಂದಾದ ಮೇಲೆ ಒಂದು. ನನ್ನ ಕೈಯಿಂದಲೇ, ನಾನು ಎಳೆದ ಹಗ್ಗದಿಂದಲೇ. ಅಳು ತಡೆಯಲಾಗಲಿಲ್ಲ.

"ಅಳ್ಬೇಡ, ಒಂದೇ ಸಮ ಎಳಿ. ಹಗ್ಗ ಸಡ್ಲ ಬುಟ್ರೆ ಉಳಿ ಮರ ಕಚ್ತದೆ."

"ಅವ್ವ, ನಾನು... ಬೋಳು ಹಣೆ ನೋಡಕ್ಕಾಗ್ನಿಲ್ಲ ಕಣವ್ವ."

ಅವಳು ಉಳಿ ಎತ್ತಲಿಲ್ಲ. "ಗೊತ್ತಾಯ್ತು ಬುಡು, ಡಬ್ಬ ತೆಗೆದಾಗ್ಲೇ ಗೊತ್ತಾಯ್ತು. ನನ್ ಹಣೇನ ಯಾರ್ಯಾರೋ ಬಂದು ಒರ್ಸುದ್ರು, ನನ್ನ ಒಂದ್ ಮಾತೂ ಕೇಳ್ನಿಲ್ಲ. ಇವ್ಳು ಹಂಗಲ್ಲ. ಇವ್ಳಿಗೆ ಯಾರೂ ಒರ್ಸಿಲ್ಲ, ಇವ್ಳು ಇರೋದೇ ಹಿಂಗೆ. ಇವ್ಳ ಎದುರ್ಗೆ ಗಂಡಸ್ರು ನಿಂತ್ಕಂಡಿರ್ತಾರೆ ಅಂತ ನೀನೇ ಓದಿದ್ದಲ್ಲವ್ವ?"

ನಾನು ಕಣ್ಣೊರೆಸಿಕೊಂಡು ಹಗ್ಗ ಬಿಗಿ ಹಿಡಿದೆ. ಆದರೆ ಗಡಿಯಾರ ನಮಗಾಗಿ ನಿಲ್ಲಲಿಲ್ಲ. ಮೂರು ಗಂಟೆಗೆ ಇನ್ನೂ ಅರ್ಧ ಉಳಿದಿತ್ತು. ಅಂಗೈಯಲ್ಲಿ ಬೊಬ್ಬೆ ಬಂತು, ಅಕ್ಕ ಬಟ್ಟೆ ಸುತ್ತಿದಳು, ಮತ್ತೆ ಎಳೆದೆ. ಕೆರೆದ ರಾಣಿಯರಿಗೆ ಉಸ್ತಾದರು ತಾಳೆಗರಿ ಉಜ್ಜಿ ಹೊಳಪು ತರುತ್ತಿದ್ದರು. ಬಿಸಿಲಿಗೆ ತಗಡಿನ ಶೆಡ್ಡು ಕಾದಿತ್ತು. ಅವ್ವ ಆಗಾಗ ಮುಂಗೈಯಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಅವಳ ಕೈತುಂಬ ಕೆಂಪು ಪುಡಿ. ನೋಡನೋಡುತ್ತಾ ಅದು ಅವಳ ಹಣೆಯ ನಡುವೆ ಮೆತ್ತಿಕೊಂಡು, ಬೆವರಿಗೆ ಕೂತು, ಕಾಸಗಲ ಕೆಂಪಾಯಿತು. ನಾನು ನೋಡಿದೆ. ಅಕ್ಕ ನೋಡಿದಳು. ಉಸ್ತಾದರು ನೋಡಿ ತಲೆ ತಗ್ಗಿಸಿದರು. ನಾನು ಹಗ್ಗ ಎಳೆಯುತ್ತಲೇ ಇದ್ದೆ.

ಕೊನೆಯ ಹತ್ತು ಉಳಿದಿದ್ದಾಗ ದೊಡ್ಡಪ್ಪ ಬಂದರು, ಜೊತೆಗೆ ಅಳತೆ ಟೇಪು ಹಿಡಿದ ಗೋಡೌನಿನವನು. ಮೇಡಂ ಬೇಡವೆಂದು ಹೋದ ಸುದ್ದಿ ಅವರಿಗೆ ಮುಟ್ಟಿತ್ತು. ಬಾಗಿಲಿಗೆ ಬಂದವರು ಅವ್ವನ ಮುಖ ನೋಡಿ ಗಕ್ಕನೆ ನಿಂತರು.

"ಏನವ್ವ ಇದು... ಹಣೆ. ಹಣೆ ಒರ್ಸ್ಕೊ. ನಾಲ್ಕ್ ಜನ ನೋಡಿದ್ರೆ ಏನಂದಾರು?"

ನನ್ನ ಕೈ ನಿಂತುಹೋಯಿತು. ಅವ್ವ ಲೇತಿನ ಮೇಲಿಂದ ಕೈ ಎತ್ತಿ ಹಣೆ ಮುಟ್ಟಿ, ಬೆರಳು ನೋಡಿಕೊಂಡಳು. ಆಗಲೇ ಅವಳಿಗೆ ತಿಳಿದದ್ದು. ಒರೆಸಿಬಿಡುತ್ತಾಳೆ ಅಂದುಕೊಂಡೆ. ಅವಳು ಆ ಬೆರಳನ್ನು ಸೀರೆಗೆ ಒರೆಸಿಕೊಂಡಳು, ಹಣೆಯನ್ನಲ್ಲ.

"ಕೆಲ್ಸದ ಬಣ್ಣ ಬಾವ. ಕೆಲ್ಸ ಮುಗೀಲಿ," ಅಂದು ನನ್ನ ಕಡೆ ತಿರುಗಿ, "ಎಳಿ," ಅಂದಳು.

ದೊಡ್ಡಪ್ಪನಿಗೆ ಕೂರಲು ಯಾರೂ ಮಣೆ ಕೊಡಲಿಲ್ಲ, ನಮ್ಮೆಲ್ಲರ ಕೈಯೂ ಕೆಲಸದಲ್ಲಿತ್ತು. ಐದು ಗಂಟೆಗೆ ಮೇಡಂ ಬಂದು ಡಬ್ಬಗಳನ್ನು ನೋಡಿ ಕಾರಿಗೆ ಹಾಕಿಸಿಕೊಂಡು ಹೋಗುವವರೆಗೂ ಅವರು ನಿಂತೇ ಇದ್ದರು. ಗೋಡೌನಿನವನು ಟೇಪು ಸುತ್ತಿಕೊಂಡ. ಅವ್ವ ನೆಲದ ಮೇಲೆ ಕೂತೇ ಇದ್ದಳು, ಹಣೆ ಕೆಂಪಗೆ ಇತ್ತು.