ಅವಳ ಟ್ಯೂಬು ಬೆಳಗಬಾರದೆಂದು ಬೇಡಿಕೊಂಡೆ

ಚೌಡಮ್ಮ ತಾಯಿಯನ್ನು ನಂಬಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನನಗೆ ಬಂದಿದ್ದ ಕಾಯಿಲೆಗೆ ಯಾವ ಆಸ್ಪತ್ರೆಯಲ್ಲೂ ಮಾತ್ರೆ ಕೊಡುವುದಿಲ್ಲ. ಅದು ಹೊಟ್ಟೆಕಿಚ್ಚು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮದು ಎಡಪ್ಪಾಡಿಯ ಮಗ್ಗದ ಮನೆ. ನಾನು ದಿನವೂ ಬಸ್ಸಿನಲ್ಲಿ ಸೇಲಂಗೆ ಹೋಗಿ ಒಂದು ಔಷಧ ಸಂಶೋಧನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪ್ರೋಟೀನಿನ ಮೈಮೇಲೆ ಒಂದೇ ಒಂದು ಕಡೆ ಹೊಳೆಯುವ ಬಣ್ಣ ಅಂಟಿಸುವ ಹೊಸ ವಿಧಾನ ನಮ್ಮದು. ಅಂಟಿದರೆ, ಉಳಿದ ಬಣ್ಣವನ್ನು ತೆಗೆದ ಮೇಲೂ ನೀಲಿ ಬೆಳಕಿಗೆ ಟ್ಯೂಬು ಹಸಿರಾಗಿ ಬೆಳಗುತ್ತದೆ. ಆಮೇಲೆ ಯಾವ ಔಷಧ ಆ ಪ್ರೋಟೀನನ್ನು ಹಿಡಿಯುತ್ತದೆಂದು ಕಣ್ಣಾರೆ ನೋಡಬಹುದು. ಈ ಕೆಲಸಕ್ಕೆ ಇಬ್ಬರಿದ್ದೆವು. ಮುಂದಿನ ವರ್ಷಕ್ಕೆ ಒಬ್ಬರಿಗೇ ಜಾಗ ಎಂದು ಲ್ಯಾಬಿನ ಮುಖ್ಯಸ್ಥರಾದ ಸಾರ್ ಹೇಳಿಬಿಟ್ಟಿದ್ದರು.

ಇನ್ನೊಬ್ಬಳು ಮಂಜುಳಾ. ಅದಿಯಮಾನ್‌ಕೋಟೆ ಕಡೆಯ ಕುರಿ ಸಾಕುವ ಮನೆಯವಳು, ನಮ್ಮ ಹಾಗೆ ಕನ್ನಡದವಳು. ಅವಳ ಕೈ ನಡುಗುವುದಿಲ್ಲ, ಏನನ್ನೂ ಎರಡನೆಯ ಸಲ ಓದಬೇಕಾಗುವುದಿಲ್ಲ. ಸಾರ್ ಅವಳ ಹೆಸರು ಹೇಳಿದಾಗಲೆಲ್ಲ ನನಗೆ ಹಸಿಮೆಣಸು ಅಗಿದಂತಾಗುತ್ತಿತ್ತು. ಅವಳು ತನ್ನ ಡಬ್ಬಿಯ ಊಟ ಹಂಚಿದರೂ ಸಿಟ್ಟು ಬರುತ್ತಿತ್ತು.

ಕಳೆದ ಆಡಿ, ಅಂದರೆ ಆಷಾಢದ ತಿಂಗಳಲ್ಲಿ ಅಮ್ಮ ಚೌಡಮ್ಮನ ಗುಡಿಯಲ್ಲಿ ನನ್ನ ಕೈಗೆ ಕಾಪು ಕಟ್ಟಿಸಿದಳು. ಅರಿಶಿನದ ದಾರ ಅದು. ದಿನಾ ಬೆಳಿಗ್ಗೆ ಅರಿಶಿನ ಹಚ್ಚಬೇಕು, ಹರಕೆ ಮುಗಿಯುವವರೆಗೂ ಬಿಚ್ಚಬಾರದು. ಅಲ್ಲೇ ನಿಂತು ಬೇಡಿಕೊಂಡೆ: "ತಾಯೇ, ನನ್ನ ಟ್ಯೂಬು ಬೆಳಗಲಿ. ಅವಳದು ಬೆಳಗದಿರಲಿ."

ಆ ವಾರವೇ ನನ್ನದು ಬೆಳಗಿತು! ಅವಳದು ಕಪ್ಪಗೇ ಉಳಿಯಿತು. ಹೋಲಿಕೆಗೆಂದು ಬಣ್ಣ ಹಾಕದೆ ಇಡುವ ಟ್ಯೂಬನ್ನು ಖುಷಿಯಲ್ಲಿ ನಾನು ನೋಡಲೇ ಇಲ್ಲ. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಮನೆಗೆ ಬಂದೆ.

ಮೂರನೆಯ ದಿನ ಮಂಜುಳಾ ನನ್ನನ್ನು ಪಕ್ಕಕ್ಕೆ ಕರೆದಳು. "ಲೇ ಸುಮತಿ, ನೀನು ಬಣ್ಣ ಆಕ್ದೇ ಇಕ್ಕಿದ್ದ ಟ್ಯೂಬ್ನೂ ಲೈಟ್ಗೆ ಇಟ್ ನೋಡ್ದೆ. ಅದೂ ಒಳೀತೈತೆ. ಪ್ರತಿ ಸಲಾನೂ ಕಾಪು ಮುಟ್ಟಿ ಕಣ್ಗೊತ್ಕೊಂಡು ಟ್ಯೂಬ್ ತೆಗೀತೀಯಲ್ಲ, ಅರಿಶ್ಣ ಕಣೇ ಅದು. ಸಾರ್ಗೆ ನಾನ್ ಏಳಿಲ್ಲ. ನೀನೇ ಏಳು."

ಅರಿಶಿನವೂ ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ. ಓದಿದ್ದೆ, ಮರೆತಿದ್ದೆ. ಕೈಗವಸಿನ ಬೆರಳಿಗೆ ಅಂಟಿದ್ದ ಅರಿಶಿನ ನನ್ನ ಮಾನ ಕಳೆದಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಒಳ್ಳೆಯತನದಲ್ಲೂ ಇವಳೇ ಮುಂದಾದಳಲ್ಲ ಎಂದು ಹೊಟ್ಟೆ ಉರಿಯಿತು.

ಮನೆಗೆ ಹೋಗಿ ಅಮ್ಮನ ಮುಂದೆ ಅತ್ತೆ. ಅವಳು ಮಗ್ಗದಲ್ಲಿ ಹಳೆಯ ಹಾಸುನೂಲಿನ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಿದ್ದಳು. "ಬಿಚ್ಚಿ ಚೌಡಮ್ಮನ ಮುಂದೆ ಇಕ್ಕು. ಸುಳ್ಳಿಗೆ ಕಾಪು ಕಟ್ಕೊಂಡ್ರೆ ಅವ್ಳು ಒಪ್ತಾಳಾ?" ಎಂದಳು. ಬಿಚ್ಚಿಟ್ಟು, ಅಮ್ಮನ ಬೆರಳುಗಳನ್ನೇ ನೋಡುತ್ತಾ ಕೂತೆ. ಎಲ್ಲ ಎಳೆಗಳನ್ನೂ ಒಟ್ಟಿಗೆ ಎಳೆದರೆ ಸಿಕ್ಕಾಗುತ್ತದೆ. ನಾವಿಬ್ಬರೂ ಲ್ಯಾಬಿನಲ್ಲಿ ಬಣ್ಣವನ್ನು ಒಂದೇ ಸಲ ಸುರಿಯುತ್ತಿದ್ದೆವು!

ಮರುದಿನ ಸಾರ್‌ಗೆ ನಿಜ ಹೇಳಿದೆ, ಚೆನ್ನಾಗಿ ಬೈಸಿಕೊಂಡೆ. ಕಾಪಿಲ್ಲದ ಕೈಯಲ್ಲಿ ಮತ್ತೆ ಕೆಲಸಕ್ಕೆ ಕೂತು, ಪ್ರೋಟೀನಿಗೆ ಬಣ್ಣವನ್ನು ತೊಟ್ಟು ತೊಟ್ಟಾಗಿ, ನಡುನಡುವೆ ಕಾದು ಹಾಕಿದೆ. ಅಂಟದ ಬಣ್ಣವನ್ನೆಲ್ಲ ತೆಗೆದ ಮೇಲೂ ಟ್ಯೂಬು ಬೆಳಗಿತು. ಬಣ್ಣ ಹಾಕದ್ದು ಕಪ್ಪಗಿತ್ತು.

"ಎಂಗ್ ಆಕ್ದೆ?" ಎಂದು ಮಂಜುಳಾ ಕೇಳಿದಳು. ಹೇಳಬಾರದೆಂದೇ ಇದ್ದೆ. ಬಾಯಿ ತಾನಾಗಿ ತೆರೆಯಿತು. ತಾಯಿಯ ಕೃಪೆ, ನನಗೆ ಅಂಥ ಗುಣವಿಲ್ಲ. ಅವಳೂ ಹಾಗೆಯೇ ಮಾಡಿದಳು. ಅವಳದು ನನ್ನದಕ್ಕಿಂತ ಹೆಚ್ಚು ಬೆಳಗಿತು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಸಾರ್ ಅವಳ ಟ್ಯೂಬನ್ನೇ ಎತ್ತಿ ಹಿಡಿದು ತಮಿಳಿನಲ್ಲಿ ಕೇಳಿದರು: "ಸೂಪರ್ ಮಾ! ಇದು ಯಾರೋಡ ಐಡಿಯಾ?"

"ಸುಮತಿಯೋಡದು ಸಾರ್" ಎಂದಳು ಮಂಜುಳಾ, ಒಂದು ಕ್ಷಣವೂ ತಡೆಯದೆ.

ಜಾಗ ನನಗೆ ಸಿಕ್ಕಿತು. ಮಂಜುಳಾ ಈಗ ಧರ್ಮಪುರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ನಿಜ ಹೇಳಬೇಕೆಂದರೆ ಇವತ್ತಿಗೂ ಅವಳನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಅವಳ ಜಾಗದಲ್ಲಿ ನಾನಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಅವಳ ಟ್ಯೂಬು ಬೆಳಗದಿರಲಿ ಎಂದು ನಾನು ಬೇಡಿದ್ದನ್ನು ತಾಯಿ ಕೊನೆಯವರೆಗೂ ನಡೆಸಿಬಿಟ್ಟಿದ್ದರೆ, ಸಾರ್ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಈಗ ಪ್ರತಿ ಶುಕ್ರವಾರ ಗುಡಿಯಲ್ಲಿ ಮೊದಲ ದೀಪ ಮಂಜುಳಾಳ ಹೆಸರಿಗೆ ಹಚ್ಚುತ್ತೇನೆ, ಹಲ್ಲು ಕಚ್ಚಿಕೊಂಡು.